ಮಗಳ ನೆಗಡಿ ಅತ್ತೆಗೆ ದಮ್ಮಾಗಿ ತಿರುಗುತ್ತಿದೆ, ಪ್ಲೇಹೋಂ ಬಿಡಿಸಬೇಕಾ?

ಕಾಫಿಪುಡಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರು ವರ್ಷ. ಜೂನ್‌ನಲ್ಲಿ ಪ್ಲೇಹೋಂಗೆ ಸೇರಿಸಿದೆವು. ಅಲ್ಲಿಂದ ಶುರು, ಮೂಗು ಒಣಗಿದ್ದೇ ಇಲ್ಲ. ಒಂದು ನೆಗಡಿ ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಹಾಜರ್. ಅವಳೇನೋ ಒಂದೆರಡು ದಿನ ಮೂಗು ಸುರಿಸಿಕೊಂಡು ಮತ್ತೆ ಕುಣಿಯೋಕೆ ಹೋಗುತ್ತಾಳೆ. ಅನುಭವಿಸುವುದು ನಮ್ಮ ಅತ್ತೆ. 71 ವರ್ಷ, ಮೊದಲಿಂದ ಉಬ್ಬಸ, ಜೊತೆಗೆ ಶುಗರ್. ಮಗುವಿಗೆ ಬಂದ ನಾಲ್ಕೈದು ದಿನಕ್ಕೆ ಅವರಿಗೆ ಗಂಟಲು ಕೆರೆತ, ಆಮೇಲೆ ನೇರ ಎದೆಗೆ ಇಳಿಯುತ್ತೆ. ಹೋದ ವಾರ ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇದ್ದರು. ಮಲಗಿದರೆ ಉಸಿರು ಕಟ್ಟುತ್ತೆ ಅಂತ. ಬೆಳಿಗ್ಗೆ ಕರೆದುಕೊಂಡು ಹೋಗಿ ನೆಬ್ಯುಲೈಸರ್ ಕೊಡಿಸಿದೆವು.

ನಾದಿನಿ ಫೋನ್ ಮಾಡಿ "ಮಗೂನ ಸ್ಕೂಲು ಬಿಡಿಸಿ ಅತ್ತಿಗೆ, ಅಮ್ಮನ ಜೀವ ಮುಖ್ಯ" ಅಂತಾರೆ. ನಾನು ಕೆಲಸಕ್ಕೆ ಹೋಗೋಳು. ಬಿಡಿಸಿದರೆ ಇಡೀ ದಿನ ನೋಡಿಕೊಳ್ಳಬೇಕಾದವರೂ ಅತ್ತೆಯೇ. ಏನು ಮಾಡಲಿ? ಮಗುವನ್ನ ಅವರಿಂದ ದೂರ ಇಡೋಕೆ ಆಗೋದೇ ಇಲ್ಲ, ಅವಳು ಮಲಗೋದೇ ಅಜ್ಜಿ ಪಕ್ಕ.

ನಿವೃತ್ತ ಮೇಷ್ಟ್ರು (ತುಮಕೂರು)

ತಾಯಿ, ನಮ್ಮ ಕಾಲದಲ್ಲಿ ಒಂದು ಮನೇಲಿ ಹತ್ತು ಮಕ್ಕಳಿರುತ್ತಿದ್ದವು. ಯಾರಿಗೂ ಇಷ್ಟೊಂದು ನೆಗಡಿ ಇರಲಿಲ್ಲ. ಈಗಿನ ಮಕ್ಕಳಿಗೆ ಫ್ರಿಜ್ ನೀರು, ಸಂಜೆ ಹೊತ್ತು ಬಾಳೆಹಣ್ಣು, ಮಳೆಗಾಲದಲ್ಲೂ ಮೊಸರು. ತಲೆಗೆ ನೀರು ಹಾಕಿ ಸರಿಯಾಗಿ ಒರೆಸೋದೂ ಇಲ್ಲ. ಮೊದಲು ಅದನ್ನ ನಿಲ್ಲಿಸಿ. ಅತ್ತೆಯವರಿಗೆ ಮೆಣಸಿನ ಕಷಾಯ ಕೊಡಿ.

ನರ್ಸಕ್ಕ (ಮಂಗಳೂರು)

ಮೇಷ್ಟ್ರೇ, ಕಷಾಯಕ್ಕೆ ನನ್ನ ವಿರೋಧ ಇಲ್ಲ. ಗಂಟಲಿಗೆ ಹಿತ. ಆದರೆ ಬಾಳೆಹಣ್ಣಿನಲ್ಲಿ ವೈರಸ್ ಇರೋದಿಲ್ಲ. ಇನ್ನೊಬ್ಬರ ಮೂಗಿನಿಂದ ಬರಬೇಕು, ಬೇರೆ ದಾರಿ ಇಲ್ಲ. ಚಳಿಗೂ ನೆಗಡಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳಲ್ಲ. ಮಾಮೂಲಿ ನೆಗಡಿಯ ರೈನೋವೈರಸ್‌ಗೆ 33 ಡಿಗ್ರಿ ಆಸುಪಾಸು, ಅಂದರೆ ಮೂಗಿನೊಳಗಿನ ತಣ್ಣನೆ ಜಾಗ, ತುಂಬ ಇಷ್ಟ. ಮಳೆಗಾಲದಲ್ಲಿ ನಾವೂ ಕಿಟಕಿ ಜಡಿದು ಒಳಗೆ ಗುಂಪಾಗಿ ಕೂರುತ್ತೇವೆ. ಅದಕ್ಕೇ ಆಗ ಜಾಸ್ತಿ.

ಕಾಫಿಪುಡಿಯವರೇ, ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡೋಳು. ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ನೆಗಡಿ ಮಾಮೂಲು. ಗುಂಪಿನಲ್ಲಿ ಸೇರಿದ ಮೊದಲ ವರ್ಷ ಇನ್ನೂ ಜಾಸ್ತಿ. ನೆಗಡಿ ತರೋ ವೈರಸ್‌ಗಳು 200ಕ್ಕೂ ಮೇಲಿವೆ, ಮಗುವಿನ ಮೈಗೆ ಎಲ್ಲವೂ ಹೊಸದು. ಈ ವರ್ಷ ಬಿಡಿಸಿದರೆ ಇದೇ ಕಥೆ ಎಲ್‌ಕೆಜಿಯಲ್ಲಿ ಶುರುವಾಗುತ್ತೆ. ನನ್ನನ್ನು ಕೇಳಿದರೆ ಬಿಡಿಸಬೇಡಿ. ಒಂದು ಪ್ರಶ್ನೆ: ಮನೆಯಲ್ಲಿ ಮಗುವಿನ ಮೂಗು ಒರೆಸೋದು ಯಾರು?

ಕಾಫಿಪುಡಿ (ಮೈಸೂರು)

ಅತ್ತೆಯೇ. ಸೆರಗಿನಲ್ಲಿ. 🙂

ನರ್ಸಕ್ಕ (ಮಂಗಳೂರು)

ಅದೇ ಅಂದುಕೊಂಡೆ. ಸೆರಗಿನ ತುದಿಯಲ್ಲಿ ಮಗುವಿನ ಸಿಂಬಳ, ಅದೇ ತುದಿಯಲ್ಲಿ ತಮ್ಮ ಮುಖದ ಬೆವರು, ಕಣ್ಣಲ್ಲಿ ನೀರು ಬಂದರೆ ಅದನ್ನೂ ಅದರಲ್ಲೇ. ನನ್ನ ಅಜ್ಜಿಯೂ ಹಾಗೇ.

ಇದರ ಬಗ್ಗೆ ಹಳೆಯ ಪ್ರಯೋಗ ಒಂದಿದೆ. ಅಮೆರಿಕದ ರೋಚೆಸ್ಟರ್‌ನಲ್ಲಿ ಕ್ಯಾರೋಲಿನ್ ಹಾಲ್ ಅನ್ನೋ ಮಕ್ಕಳ ವೈದ್ಯೆ ಮತ್ತು ಅವರ ಜೊತೆಗಾರರು ಮಾಡಿದ್ದು, 1981ರಲ್ಲಿ ಪ್ರಕಟವಾಯಿತು. ಆರ್‌ಎಸ್‌ವಿ ಅಂತ ಒಂದು ವೈರಸ್. ಎರಡು ವರ್ಷ ತುಂಬೋದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗಿರುತ್ತೆ. ಎಳೆ ಕೂಸುಗಳಿಗೆ ಎದೆ ಗೊರಗೊರ ಅನ್ನಿಸಿ ಆಸ್ಪತ್ರೆಗೆ ತರಿಸೋದರಲ್ಲಿ ಇದೇ ಮುಂದು. ಇದು ಬಂದು ಮಲಗಿದ್ದ ಶಿಶುಗಳ ಹತ್ತಿರ ಆರೋಗ್ಯವಂತ ಸ್ವಯಂಸೇವಕರನ್ನು ಮೂರು ಗುಂಪು ಮಾಡಿ ಬಿಟ್ಟರು. ಒಂದು ಗುಂಪು ಮಗುವನ್ನು ಎತ್ತಿಕೊಂಡು ಮುದ್ದು ಮಾಡಿತು. ಇನ್ನೊಂದು ಗುಂಪು, ಮಗು ಇಲ್ಲದಾಗ ಅದರ ತೊಟ್ಟಿಲು ಗಿಟ್ಟಿಲು ಮುಟ್ಟಿ, ಆಮೇಲೆ ತಮ್ಮ ಮೂಗು ಕಣ್ಣು ಮುಟ್ಟಿಕೊಂಡಿತು. ಮೂರನೆಯವರು ಆರಡಿಗಿಂತ ದೂರ ಸುಮ್ನೆ ಕೂತರು. ಎತ್ತಿಕೊಂಡ 7 ಜನರಲ್ಲಿ 5 ಜನಕ್ಕೆ ಸೋಂಕು. ಮುಟ್ಟಿದ 10ರಲ್ಲಿ 4. ಸುಮ್ನೆ ಕೂತ 14 ಜನರಲ್ಲಿ ಒಬ್ಬರಿಗೂ ಇಲ್ಲ.

ಅದೇ ತಂಡ ಅದಕ್ಕೂ ಮೊದಲು ಈ ವೈರಸ್ ಎಲ್ಲೆಲ್ಲಿ ಎಷ್ಟು ಹೊತ್ತು ಬದುಕುತ್ತೆ ಅಂತಲೂ ನೋಡಿತ್ತು. ಮೇಜಿನಂಥ ಗಟ್ಟಿ ಜಾಗದಲ್ಲಿ ಆರು ಗಂಟೆವರೆಗೆ. ಬಟ್ಟೆಯ ಮೇಲೆ ಅರ್ಧದಿಂದ ಮುಕ್ಕಾಲು ಗಂಟೆ. ಮುಕ್ಕಾಲು ಗಂಟೆಯಲ್ಲಿ ಒಂದು ಸೆರಗು ಎಷ್ಟು ಸಲ ಮುಖಕ್ಕೆ ಹೋಗುತ್ತೆ, ನೀವೇ ಲೆಕ್ಕ ಹಾಕಿ.

ಹಾಗಾಗಿ ನನ್ನ ಸಲಹೆ ಇಷ್ಟೇ. ಅಜ್ಜಿ ಮೊಮ್ಮಗಳನ್ನು ಬೇರೆ ಮಾಡಬೇಡಿ. ಮೂಗು ಒರೆಸೋ ಕೆಲಸ ಮಾತ್ರ ಅಜ್ಜಿ ಕೈಯಿಂದ ತೆಗೆಯಿರಿ. ನೀವು ಇದ್ದಾಗ ನೀವು, ಇಲ್ಲದಿದ್ದರೆ ನಿಮ್ಮವರು. ಇಬ್ಬರೂ ಇಲ್ಲದ ಹೊತ್ತಿಗೆ ಹಳೇ ಪಂಚೆ ಹರಿದು ಸಣ್ಣ ತುಂಡು ಮಾಡಿ ಇಟ್ಟುಬಿಡಿ. ಒಂದು ಸಲ ಒರೆಸಿ ಬಕೆಟ್ಟಿಗೆ ಹಾಕಿ ಸೋಪಿನಲ್ಲಿ ಕೈ ತೊಳೆಯಲಿ. ಸಂಜೆ ಒಟ್ಟಿಗೆ ಒಗೆದರಾಯಿತು. ಶೀತ ಇರೋ ದಿನಗಳಲ್ಲಿ ಮಲಗೋದು ನಿಮ್ಮ ಪಕ್ಕ.

ಬೆಳಗಾವಿ ಬಸ್ಯಾ

ಅಕ್ಕಾರ, ಚೆನ್ನಾಗಿ ಹೇಳಿದ್ರಿ. ಆದರೆ ಕೋವಿಡ್ ಟೈಮಲ್ಲಿ ಕೈ ತೊಳೆದು ತೊಳೆದು ಚರ್ಮ ಸುಲಿದು ಹೋಯ್ತು, ಆಮೇಲೆ ನೋಡಿದರೆ ಗಾಳಿಯಲ್ಲೇ ಹರಡುತ್ತೆ ಅಂದರು. ಯಾವುದನ್ನ ನಂಬಬೇಕ್ರೀ?

ನರ್ಸಕ್ಕ (ಮಂಗಳೂರು)

ಎರಡೂ ನಿಜ. ಯಾವ ರೋಗಾಣು ಅನ್ನೋದರ ಮೇಲೆ ಹೋಗುತ್ತೆ. ಆರ್‌ಎಸ್‌ವಿ, ರೈನೋವೈರಸ್‌ಗಳಲ್ಲಿ ಕೈಯ ಪಾಲು ದೊಡ್ಡದು. ಕೋವಿಡ್, ದಡಾರ, ಕ್ಷಯ ಗಾಳಿಯಲ್ಲಿ ತೇಲಿ ಬರುತ್ತವೆ. ಫ್ಲೂ ಎರಡು ದಾರಿಯಲ್ಲೂ ಬರಬಹುದು. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ಹಾಲ್‌ನಲ್ಲಿ ಕೂತವರಿಗೂ ಘಾಟು ಬರುತ್ತಲ್ಲ, ಗಾಳಿಯ ಸೋಂಕು ಹಾಗೆ. ಅಲ್ಲಿ ಕೆಲಸ ಮಾಡೋದು ಕಿಟಕಿ, ಸೋಪಲ್ಲ. ಮಂಗಳೂರಿನ ಮಳೆಯಲ್ಲಿ ಕಿಟಕಿ ತೆಗೆಯಿರಿ ಅಂದರೆ ಜನ ನನ್ನನ್ನೇ ಹುಚ್ಚಿ ಅಂತಾರೆ. ಎರಚಲು ಬರದ ಕಡೆಯ ಒಂದು ಕಿಟಕಿ ತೆಗೆದರೂ ಸಾಕು.

ಅಂಗನವಾಡಿ ಟೀಚರ್ (ಚಿತ್ರದುರ್ಗ ಕಡೆ)

ನಾನೂ ಒಂದು ಮಾತು ಹೇಳ್ತೀನಿ. "ಶೀತ ಇದ್ದ ಮಗೂನ ಕಳಿಸಬೇಡಿ" ಅಂತ ಎಲ್ಲರೂ ಹೇಳ್ತಾರೆ. ನಮ್ಮ ಅಂಗನವಾಡಿಗೆ ಬರೋ ಮಕ್ಕಳ ತಾಯಂದಿರು ಕಳೆ ಕೀಳೋಕೆ, ಗಾರೆ ಕೆಲಸಕ್ಕೆ ಹೋಗೋರು. ಒಂದು ದಿನ ಬಿಟ್ಟರೆ ಆ ದಿನದ ಕೂಲಿ ಹೋಯ್ತು. ಸಿಂಬಳ ಸುರಿಯುತ್ತಿದ್ದರೂ ಕಳಿಸುತ್ತಾರೆ. ನಾನು ವಾಪಸ್ ಕಳಿಸಲ್ಲ. ಕಳಿಸಿದರೆ ಆ ಮಗು ಮನೆಯಲ್ಲಿ ಮಂಚದ ಮೇಲಿರೋ ಮುತ್ತಜ್ಜಿ ಹತ್ತಿರವೇ ಕೂರಬೇಕು, ಮಧ್ಯಾಹ್ನದ ಊಟವೂ ತಪ್ಪುತ್ತೆ.

ನಾನು ಮಾಡೋದು ಇಷ್ಟು. ಊಟಕ್ಕೆ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸೋಪಿನಲ್ಲಿ ಕೈ ತೊಳೆಸ್ತೀನಿ. ಬಾಯಿಗೆ ಹಾಕಿದ ಆಟದ ಸಾಮಾನು ಬೇರೆ ಬುಟ್ಟಿಗೆ ಹಾಕ್ತೀನಿ. ಮಳೆ ಇಲ್ಲದಿದ್ದರೆ ಹಾಡು ಕುಣಿತ ಎಲ್ಲ ಅಂಗಳದಲ್ಲೇ. ಜ್ವರ ಇದ್ದರೆ, ಉಸಿರು ಜೋರಾಗಿದ್ದರೆ ಮಾತ್ರ ಆಶಾ ಅವರಿಗೆ ಫೋನ್. ಉಸಿರು ಎಣಿಸೋದು ನಮಗೆ ಹೇಳಿಕೊಟ್ಟಿದ್ದಾರೆ. ಮಗು ಸುಮ್ಮನಿದ್ದಾಗ ಬಟ್ಟೆ ಎತ್ತಿ, ಹೊಟ್ಟೆ ಏರಿಳಿಯೋದನ್ನ ಪೂರಾ ಒಂದು ನಿಮಿಷ ನೋಡಬೇಕು. ಎರಡು ತಿಂಗಳ ಒಳಗಿನ ಕೂಸಾದರೆ 60, ಒಂದು ವರ್ಷದ ಒಳಗೆ 50, ಐದು ವರ್ಷದ ಒಳಗೆ 40. ಅಷ್ಟು ಅಥವಾ ಜಾಸ್ತಿ ಬಂದರೆ ಆಸ್ಪತ್ರೆ. ಪಕ್ಕೆ ಒಳಗೆ ಎಳೆಯುತ್ತಿದ್ದರೆ ಎಣಿಸುತ್ತಾ ಕೂರೋದು ಬೇಡ, ಹೊರಟುಬಿಡಬೇಕು.

ನರ್ಸಕ್ಕ (ಮಂಗಳೂರು)

ಟೀಚರ್‌ಗೆ ನೂರು ನಮಸ್ಕಾರ. ಈ ಎಣಿಕೆ ಎಷ್ಟೋ ಡಿಗ್ರಿ ಇರೋ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ.

ವಯಸ್ಸಾದವರ ವಿಷಯ ಬೇರೆ. ಅವರಿಗೆ ಜ್ವರವೇ ಬರದೆ ನ್ಯುಮೋನಿಯಾ ಆಗಬಹುದು. "ಅಜ್ಜ ಊಟ ಬಿಟ್ಟಿದ್ದಾರೆ, ಏನೇನೋ ಮಾತಾಡ್ತಾರೆ, ಬಾತ್‌ರೂಮಿನಲ್ಲಿ ಬಿದ್ದರು" ಅಂತ ಕರೆದುಕೊಂಡು ಬರ್ತಾರೆ, ಎಕ್ಸ್‌ರೇ ನೋಡಿದರೆ ಎದೆ ತುಂಬ ಕಫ. ಥರ್ಮಾಮೀಟರ್ ನಂಬಿ ಕೂರಬೇಡಿ.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ನಮ್ಮಲ್ಲಿ ಈ ಪ್ರಶ್ನೆ ಉಲ್ಟಾ. ಊರಿಂದ ಅಮ್ಮ ಬಾಣಂತನಕ್ಕೆ ಬರ್ತಾರೆ. ಇಲ್ಲಿನ ಡಾಕ್ಟರು ಮೊದಲು ಕೇಳೋದೇ "ಅಜ್ಜಿಗೆ ನಾಯಿಕೆಮ್ಮಿನ ಲಸಿಕೆ ಆಗಿದೆಯಾ?" ಅಂತ. ಅಮ್ಮನಿಗೆ ಸಿಟ್ಟು: "ನಾನೇನು ರೋಗ ಹೊತ್ತು ತಂದಿದ್ದೀನಾ?" ದೊಡ್ಡವರಿಗೆ ನಾಯಿಕೆಮ್ಮು ಬಂದರೆ ವಾರಗಟ್ಟಲೆ ಒಣಕೆಮ್ಮು, ಅಷ್ಟೇ. ಎರಡು ತಿಂಗಳ ಕೂಸಿಗೆ ಬಂದರೆ ಉಸಿರೇ ನಿಲ್ಲಬಹುದು. ಅದಕ್ಕೇ ಇಲ್ಲಿ ಬಸುರಿಗೆ 27ರಿಂದ 36ನೇ ವಾರದ ಒಳಗೆ ಟಿಡ್ಯಾಪ್ ಅನ್ನೋ ಈ ಲಸಿಕೆ ಕೊಡುತ್ತಾರೆ, ಪ್ರತಿ ಬಸುರಿನಲ್ಲೂ. ಕೂಸನ್ನು ಎತ್ತಿಕೊಳ್ಳೋರಿಗೆ ಎರಡು ವಾರ ಮೊದಲೇ ಆಗಿರಬೇಕು ಅಂತಾರೆ. ಅಮ್ಮಂದಿರನ್ನ ಕರೆಸೋರು ಊರಲ್ಲೇ ಹಾಕಿಸಿಕೊಂಡು ಬರೋಕೆ ಹೇಳಿ. ಇಲ್ಲಿ ಬಂದಮೇಲೆ ವಿಸಿಟರ್ ಇನ್ಶೂರೆನ್ಸಿನಲ್ಲಿ ಇದಕ್ಕೆಲ್ಲ ದುಡ್ಡು ಸಿಗೋದು ಕಷ್ಟ.

ಆರ್‌ಎಸ್‌ವಿಗೂ ಇಲ್ಲಿ 2023ರಿಂದ ಲಸಿಕೆ ಇದೆ. ಬಸುರಿಗೆ ಒಂದು, 75 ದಾಟಿದವರಿಗೆ ಒಂದು. ಕೂಸಿಗೇ ನೇರ ಕೊಡೋ ಇಂಜೆಕ್ಷನ್ ನಿರ್ಸೆವಿಮ್ಯಾಬ್ ಕೂಡ ಅದೇ ವರ್ಷ ಬಂತು. ಅದರ ಹಿಂದಿನ ವರ್ಷ, 2022ರ ಚಳಿಗಾಲದಲ್ಲಿ ಆರ್‌ಎಸ್‌ವಿ, ಫ್ಲೂ, ಕೋವಿಡ್ ಮೂರೂ ಒಟ್ಟಿಗೆ ಬಂದು ಮಕ್ಕಳ ಆಸ್ಪತ್ರೆಗಳಲ್ಲಿ ಬೆಡ್ ಸಿಗದ ಹಾಗಾಗಿತ್ತು.

ಪರ್ತ್ ಪುಟ್ಟಿ (ಆಸ್ಟ್ರೇಲಿಯಾ)

ನಮ್ಮ ಪರ್ತ್‌ನಲ್ಲಿ ಇನ್ನೂ ವಿಚಿತ್ರ. 2020ರ ಚಳಿಗಾಲದಲ್ಲಿ, ಅಂದರೆ ಇಲ್ಲಿನ ಜೂನ್ ಜುಲೈನಲ್ಲಿ, ಆರ್‌ಎಸ್‌ವಿ ಸುಳಿವೇ ಇರಲಿಲ್ಲ. ಹೊರಗಿನವರಿಗೆ ಬಾಗಿಲು ಹಾಕಿದ್ದರಲ್ಲ. ಎಲ್ಲ ಸಡಿಲ ಆದಮೇಲೆ ವರ್ಷದ ಕೊನೆಗೆ, ಬೇಸಿಗೆ ಶುರುವಾಗೋ ಹೊತ್ತಿಗೆ, ಒಮ್ಮೆಲೇ ಬಂತು. ಚಳಿ ಒಂದರಿಂದಲೇ ಬರೋದಾಗಿದ್ದರೆ ಬಿಸಿಲಲ್ಲಿ ಯಾಕೆ ಬರಬೇಕಿತ್ತು, ಮೇಷ್ಟ್ರೇ?

ನಿವೃತ್ತ ಮೇಷ್ಟ್ರು (ತುಮಕೂರು)

ಒಪ್ಪೋಣ. ಬಾಳೆಹಣ್ಣನ್ನ ಬಿಟ್ಟುಬಿಡ್ತೀನಿ. ಒದ್ದೆ ತಲೆಯನ್ನ ಬಿಡಲ್ಲ.

ಲೆಕ್ಕದ ಪುಸ್ತಕ (ಬೆಂಗಳೂರು)

ಸಾರ್ವಜನಿಕ ಆರೋಗ್ಯದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿವರೆಗೆ ಎಲ್ಲರೂ ಅಜ್ಜಿಯನ್ನು ಹೇಗೆ ಕಾಪಾಡೋದು ಅಂತ ಅಜ್ಜಿಯ ಕಡೆಯಿಂದಲೇ ಯೋಚಿಸುತ್ತಿದ್ದೀರಿ. ಮಗುವಿನ ಕಡೆಯಿಂದ ನೋಡಿ. ವಯಸ್ಸಾದವರ ಮೈ ಲಸಿಕೆಗೆ ಅಷ್ಟು ಚುರುಕಾಗಿ ಸ್ಪಂದಿಸಲ್ಲ. ಮಕ್ಕಳ ಮೈ ಸ್ಪಂದಿಸುತ್ತೆ. ಫ್ಲೂ ಬಂದ ದೊಡ್ಡವರು ವೈರಸ್ ಚೆಲ್ಲೋದು ಸುಮಾರು ಐದರಿಂದ ಏಳು ದಿನ. ಸಣ್ಣ ಮಕ್ಕಳು ಹತ್ತು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಚೆಲ್ಲುತ್ತಾರೆ.

ಜಪಾನಿನಲ್ಲಿ 1962ರಿಂದ ಶಾಲೆ ಮಕ್ಕಳಿಗೆ ಸಾಮೂಹಿಕವಾಗಿ ಫ್ಲೂ ಲಸಿಕೆ ಹಾಕುತ್ತಿದ್ದರು. ಕೆಲವು ವರ್ಷ ಹೆಚ್ಚುಕಡಿಮೆ ಕಡ್ಡಾಯವೇ ಆಗಿತ್ತು. 1987ರಲ್ಲಿ ಪೋಷಕರು ಬೇಡ ಅನ್ನಬಹುದು ಅಂತಾಯಿತು. 1994ರಲ್ಲಿ ಪೂರ್ತಿ ನಿಂತಿತು. ಚಳಿಗಾಲದ ಹೆಚ್ಚುವರಿ ಸಾವುಗಳನ್ನು ಆಮೇಲೆ ಲೆಕ್ಕ ಹಾಕಿದವರಿಗೆ ಕಂಡದ್ದು: ಲಸಿಕೆ ಇದ್ದ ಕಾಲದಲ್ಲಿ ವರ್ಷಕ್ಕೆ 37,000ದಿಂದ 49,000 ಸಾವು ತಪ್ಪಿದ್ದವು. ಅಂದರೆ ಸುಮಾರು 420 ಮಕ್ಕಳಿಗೆ ಸೂಜಿ ಹಾಕಿದರೆ ಒಂದು ಜೀವ. ಹೀಗೆ ಜೀವ ಉಳಿದವರಲ್ಲಿ ಬಹುಪಾಲು ವಯಸ್ಸಾದವರು. 2001ರಲ್ಲಿ ಪ್ರಕಟವಾದ ಅಂದಾಜು ಇದು. ಅಲ್ಲೂ ಅಜ್ಜ ಅಜ್ಜಿ ಮೊಮ್ಮಕ್ಕಳ ಜೊತೆ ಒಂದೇ ಮನೆಯಲ್ಲಿರೋದು ಮಾಮೂಲಾಗಿತ್ತು ಅನ್ನೋದನ್ನ ಮರೆಯಬೇಡಿ.

ಬೆಳಗಾವಿ ಬಸ್ಯಾ

ಅಂದರೆ ಮುದುಕರನ್ನ ಉಳಿಸೋಕೆ ಮಕ್ಕಳಿಗೆ ಚುಚ್ಚೋದಾ? ಇದು ಯಾವ ನ್ಯಾಯ ಸರ್? ಆ ಜಪಾನಿನವರು ಬಿಟ್ಟಿದ್ದೂ ಅದಕ್ಕೇ ಇರಬೇಕು.

ಲೆಕ್ಕದ ಪುಸ್ತಕ (ಬೆಂಗಳೂರು)

ಪ್ರಶ್ನೆ ನ್ಯಾಯವಾಗಿದೆ. ಅಲ್ಲಿಯೂ ಅಡ್ಡಪರಿಣಾಮದ ಭಯ, ಕೋರ್ಟು ಕೇಸು, ಇದರಿಂದ ಏನು ಉಪಯೋಗ ಅನ್ನೋ ಅನುಮಾನ ಎಲ್ಲ ಇತ್ತು. ಮಗುವಿಗೆ ಏನೂ ಲಾಭ ಇಲ್ಲದಿದ್ದರೆ ನಾನೂ ಬೇಡ ಅಂತಿದ್ದೆ. ಆದರೆ ಐದು ವರ್ಷದೊಳಗಿನ ಮಕ್ಕಳಿಗೆ ಫ್ಲೂ ತಾನೇ ಅಪಾಯ. ಮಗುವಿಗೆ ಆಗೋ ಲಾಭ ಮೊದಲು, ಅಜ್ಜಿಗೆ ಆಗೋದು ಅದರ ಬೆನ್ನಿಗೆ.

ಇನ್ನೊಂದು ಉದಾಹರಣೆ ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲೇ ಇದೆ. ಪಿಸಿವಿ, ನ್ಯುಮೋಕಾಕಸ್ ಬ್ಯಾಕ್ಟೀರಿಯಾಗೆ. ಈ ಬ್ಯಾಕ್ಟೀರಿಯಾ ಸಣ್ಣ ಮಕ್ಕಳ ಮೂಗು ಗಂಟಲಲ್ಲಿ ಆರಾಮಾಗಿ ಮನೆ ಮಾಡಿಕೊಂಡಿರುತ್ತೆ, ಮಗುವಿಗೆ ಏನೂ ಆಗಿರಲ್ಲ. ಅದೇ ಅಜ್ಜನ ಎದೆಗೆ ಹೋದರೆ ನ್ಯುಮೋನಿಯಾ. ಅಮೆರಿಕದಲ್ಲಿ 2000ದಲ್ಲಿ ಕೂಸುಗಳಿಗೆ ಇದನ್ನು ಹಾಕೋಕೆ ಶುರು ಮಾಡಿದಮೇಲೆ, ಆ ಲಸಿಕೆಯನ್ನೇ ತೆಗೆದುಕೊಳ್ಳದ 65 ದಾಟಿದವರಲ್ಲೂ ಈ ಬ್ಯಾಕ್ಟೀರಿಯಾದ ತೀವ್ರ ಕಾಯಿಲೆ ಇಳಿಯಿತು. ಮಕ್ಕಳ ಮೂಗಲ್ಲೇ ಕಡಿಮೆಯಾದರೆ ಅಜ್ಜನಿಗೆ ಎಲ್ಲಿಂದ ಬರಬೇಕು? ಭಾರತದಲ್ಲಿ 2017ರಲ್ಲಿ ಹಿಮಾಚಲ, ಬಿಹಾರ, ಉತ್ತರ ಪ್ರದೇಶದ ಕಡೆ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ಬಂತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ಪುಕ್ಕಟೆ. ತಾಯಿ ಕಾರ್ಡ್ ತೆಗೆದು ನೋಡಿ, ಮೂರೂ ಆಗಿರಬೇಕು.

ಕಾಫಿಪುಡಿ (ಮೈಸೂರು)

ಈಗಷ್ಟೇ ನೋಡಿದೆ, ಮೂರೂ ಆಗಿದೆ. ಫ್ಲೂದು ಹಾಕಿಸಿಲ್ಲ. ಅದು ಸರ್ಕಾರಿಯಲ್ಲಿ ಸಿಗುತ್ತಾ?

ಲೆಕ್ಕದ ಪುಸ್ತಕ (ಬೆಂಗಳೂರು)

ಮಕ್ಕಳ ಪುಕ್ಕಟೆ ಪಟ್ಟಿಯಲ್ಲಿಲ್ಲ. ಖಾಸಗಿಯಲ್ಲಿ ಸಾವಿರದ ಮೇಲಾಗುತ್ತೆ. ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ನಮ್ಮ ಕಡೆ ಫ್ಲೂ ಮಳೆಗಾಲದಲ್ಲಿ ಏರುತ್ತೆ, ಹಾಗಾಗಿ ಏಪ್ರಿಲ್ ಮೇನಲ್ಲಿ ಹಾಕಿಸಿದರೆ ಒಳ್ಳೇದು. ದುಡ್ಡು ಒಬ್ಬರಿಗೆ ಮಾತ್ರ ಹೊಂದುತ್ತೆ ಅನ್ನೋದಾದರೆ, ಉಬ್ಬಸ ಶುಗರ್ ಇರೋ ನಿಮ್ಮ ಅತ್ತೆಗೆ ಮೊದಲು ಹಾಕಿಸಿ. ಜಪಾನಿನ ಲೆಕ್ಕ ಊರಿಗೆ ಊರೇ ಹಾಕಿಸಿಕೊಂಡಾಗಿನದು. ಒಂದು ಮನೆಯ ಲೆಕ್ಕ ಬೇರೆ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂನಿಂದ ರಾಜ್ಯದ ಮೊದಲ ಸಾವು ಅಂತ ವರದಿಯಾದದ್ದು ಹಾಸನ ಜಿಲ್ಲೆಯ 80 ದಾಟಿದ ಹಿರಿಯರದ್ದು.

ಕ್ಷಯ ಮುಕ್ತ (ರಾಯಚೂರು)

ನಾನು ಟಿಬಿ ವಿಭಾಗದ ಕಾರ್ಯಕರ್ತ. ನ್ಯೂಜೆರ್ಸಿ ಅಕ್ಕ ಹೇಳಿದ ಉಲ್ಟಾ ದಾರಿಗೆ ದೊಡ್ಡ ಉದಾಹರಣೆ ಕ್ಷಯ. ಸಣ್ಣ ಮಕ್ಕಳಿಂದ ಟಿಬಿ ಹರಡೋದು ತೀರಾ ಅಪರೂಪ. ಅವರ ಕಫದಲ್ಲಿ ರೋಗಾಣು ಕಡಿಮೆ, ಕೆಮ್ಮೋ ಶಕ್ತಿಯೂ ಕಡಿಮೆ. ಮಗುವಿಗೆ ಟಿಬಿ ಬಂದಿದೆ ಅಂದರೆ ಹತ್ತಿರದ ದೊಡ್ಡವರು ಯಾರೋ ಕೆಮ್ಮುತ್ತಿದ್ದಾರೆ ಅಂತಲೇ ಅರ್ಥ. ಎಷ್ಟೋ ಮನೆಯಲ್ಲಿ ಅದು ಅಜ್ಜ. "ಬೀಡಿ ಕೆಮ್ಮು, ಮೊದಲಿಂದ ಇದೆ" ಅಂತ ಬಿಟ್ಟಿರುತ್ತಾರೆ, ಮಗುವನ್ನು ಅವರ ಹೊದಿಕೆಯಲ್ಲೇ ಮಲಗಿಸುತ್ತಾರೆ.

ಎರಡು ವಾರ ದಾಟಿದ ಕೆಮ್ಮು ಯಾರದೇ ಆಗಲಿ, ಕಫ ಪರೀಕ್ಷೆ ಮಾಡಿಸಿ. ಪಿಎಚ್‌ಸಿಯಲ್ಲಿ ಪುಕ್ಕಟೆ. ಮನೆಯಲ್ಲಿ ಒಬ್ಬರಿಗೆ ಇದೆ ಅಂತಾದರೆ, ಅಲ್ಲಿರೋ ಐದು ವರ್ಷದೊಳಗಿನ ಮಕ್ಕಳಿಗೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬರದಂತೆ ತಡೆಯೋ ಮಾತ್ರೆ ಕೊಡುತ್ತೇವೆ. ಟಿಬಿ ಲಸಿಕೆ ಬಿಸಿಜಿ ಹಾಕಿದೆ ಅಂತ ಸುಮ್ನೆ ಇರಬೇಡಿ. ಅದು ಮಿದುಳಿಗೆ ಹೋಗೋ ಟಿಬಿಯಂಥ ಘೋರವಾದದ್ದನ್ನ ತಡೆಯೋದರಲ್ಲಿ ಗಟ್ಟಿ, ಎಲ್ಲವನ್ನೂ ತಡೆಯಲ್ಲ.

ಹೊಸ ಅಮ್ಮ (ದಾವಣಗೆರೆ)

ಮಧ್ಯೆ ಬಾಯಿ ಹಾಕ್ತೀನಿ, ಬೈಬೇಡಿ. ನಾನು ಬಾಣಂತಿ. ಕೂಸಿಗೆ ಸ್ನಾನ ಆದಮೇಲೆ ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಕೊಡ್ತಾರೆ, ಕೋಣೆಗೆ ಗಾಳಿ ಬರೋ ಹಾಗಿಲ್ಲ. ಅಜ್ಜಿ ಕೂಸಿನ ಮೂಗಿಗೆ ಎರಡು ಹನಿ ಕೊಬ್ಬರಿ ಎಣ್ಣೆನೂ ಬಿಡ್ತಾರೆ. ಇದರಿಂದ ಶೀತ ತಡೆಯುತ್ತಾ? ಜನವರಿ 2025ರಲ್ಲಿ ಬೆಂಗಳೂರಲ್ಲಿ ಎರಡು ಕೂಸಿಗೆ ಎಚ್‌ಎಂಪಿವಿ ವೈರಸ್ ಅಂತ ಟಿವಿಯಲ್ಲಿ ಹಗಲು ರಾತ್ರಿ ತೋರಿಸಿದಾಗಿಂದ ನನಗೆ ಹೆದರಿಕೆ.

ನರ್ಸಕ್ಕ (ಮಂಗಳೂರು)

ಯಾರೂ ಬೈಯಲ್ಲ ಕಣಮ್ಮ. ಎಚ್‌ಎಂಪಿವಿ ಹೊಸದೇನಲ್ಲ. 2001ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಗುರುತು ಹಿಡಿದರು, ಅದಕ್ಕೂ ಎಷ್ಟೋ ಮೊದಲಿಂದ ನಮ್ಮ ನಡುವೆ ಓಡಾಡುತ್ತಿತ್ತು. ಆ ಎರಡು ಕೂಸುಗಳು ಎಲ್ಲಿಗೂ ಪ್ರಯಾಣ ಮಾಡಿರಲಿಲ್ಲ. ಆರ್‌ಎಸ್‌ವಿಯ ದಾಯಾದಿ ಅದು.

ಹೊಗೆ ಬೇಡ. ಕೂಸಿನ ಶ್ವಾಸನಾಳ ತೀರ ಸಣ್ಣದು, ಸ್ವಲ್ಪ ಊದಿಕೊಂಡರೂ ಗಾಳಿ ಹೋಗಲ್ಲ. ಲೋಬಾನವಾಗಲಿ ಸೌದೆ ಒಲೆಯದಾಗಲಿ, ಹೊಗೆ ಒಳಪದರವನ್ನ ಕೆರಳಿಸುತ್ತೆ. ಅಜ್ಜಿ ಬಿಡೋದೇ ಇಲ್ಲ ಅಂದರೆ, ಕೂಸು ಇಲ್ಲದಾಗ ಬಟ್ಟೆಗೆ ಹೊಗೆ ಹಿಡಿದು, ಕೊಡವಿ ಆರಿಸಿ ಆಮೇಲೆ ಹಾಕಲಿ. ಮೂಗಿಗೆ ಎಣ್ಣೆ ಮಾತ್ರ ಬೇಡವೇ ಬೇಡ. ಅದು ಶ್ವಾಸಕೋಶಕ್ಕೆ ಇಳಿದರೆ ಎಣ್ಣೆಯಿಂದಲೇ ನ್ಯುಮೋನಿಯಾ ಆಗುತ್ತೆ. ಮೂಗು ಕಟ್ಟಿದರೆ ಸಲೈನ್, ಅಂದರೆ ಉಪ್ಪುನೀರಿನ ಹನಿ ಸಿಗುತ್ತೆ. ಒಂದು ವರ್ಷದ ಒಳಗೆ ಜೇನುತುಪ್ಪ ಕೊಡಬೇಡಿ. ಕೆಮ್ಮಿನ ಸಿರಪ್ಪನ್ನ ಅಂಗಡಿಯಲ್ಲಿ ಕೇಳಿ ತರಬೇಡಿ. ನೋಡೋಕೆ ಬಂದವರು ಕೆನ್ನೆ ಕೈಗೆಲ್ಲ ಮುತ್ತು ಕೊಡ್ತಾರಲ್ಲ, ಅದಕ್ಕೂ ಗಟ್ಟಿಯಾಗಿ "ಬೇಡ" ಅನ್ನಿ. ಕೂಸು ಆ ಕೈಯನ್ನೇ ಬಾಯಿಗೆ ಹಾಕುತ್ತೆ.

ಕಾಫಿಪುಡಿ (ಮೈಸೂರು)

ಬಟ್ಟೆ ತುಂಡುಗಳ ವಿಷಯ ಅತ್ತೆಗೆ ಹೇಳಿದೆ. "ನನ್ನ ಸೆರಗಿಗೆ ಏನಾಗಿದೆ?" ಅಂದರು. 😀 ಗಂಡ ಪಂಚೆ ಹರಿದು ಕೊಟ್ಟಿದ್ದಾರೆ. ಒಂದು ಅನುಮಾನ: ಮಗಳು ಅರ್ಧ ತಿಂದು ಬಿಟ್ಟ ತಟ್ಟೆಯನ್ನ ಅತ್ತೆಯೇ ಮುಗಿಸ್ತಾರೆ, ಅನ್ನ ಚೆಲ್ಲಬಾರದು ಅಂತ. ಅದೂ ನಿಲ್ಲಿಸಬೇಕಾ?

ನರ್ಸಕ್ಕ (ಮಂಗಳೂರು)

ನೆಗಡಿ ಇರೋ ದಿನ ಖಂಡಿತ ಬೇಡ. ತಟ್ಟೆಗೆ ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಹಾಕಿ, ಆಗ ಚೆಲ್ಲೋ ಮಾತೇ ಬರಲ್ಲ. ಅತ್ತೆಯ ಇನ್‌ಹೇಲರನ್ನ ಡಾಕ್ಟರ ಮುಂದೆ ಒಮ್ಮೆ ತೆಗೆದುಕೊಳ್ಳೋಕೆ ಹೇಳಿ. ತುಂಬ ಜನ ಪಂಪು ಒತ್ತುತ್ತಾರೆ, ಉಸಿರು ಒಳಗೆ ಎಳೆಯೋದೇ ಇಲ್ಲ, ಔಷಧಿಯೆಲ್ಲ ನಾಲಿಗೆ ಮೇಲೆ ಉಳಿಯುತ್ತೆ. ಇನ್‌ಹೇಲರಿಗೆ ಸ್ಪೇಸರ್ ಅನ್ನೋ ಕೊಳವೆ ಹಾಕಿದರೆ ಸುಲಭ.

ನಿವೃತ್ತ ಮೇಷ್ಟ್ರು (ತುಮಕೂರು)

ನಮ್ಮ ಬೀದಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಕೋ ಆ ಪಿಸಿವಿಯನ್ನ ನನ್ನಂಥ 74ರವನಿಗೂ ಹಾಕ್ತಾರಾ? ಮೊಮ್ಮಗ ಮುಂದಿನ ತಿಂಗಳು ಬರ್ತಾನೆ.

ಲೆಕ್ಕದ ಪುಸ್ತಕ (ಬೆಂಗಳೂರು)

ಅಲ್ಲಿ ಹಾಕಲ್ಲ ಸರ್, ಅದು ಕೂಸುಗಳ ಕೋಟಾ. ದೊಡ್ಡವರಿಗೆ ನ್ಯುಮೋಕಾಕಲ್ ಲಸಿಕೆ ಖಾಸಗಿಯಲ್ಲಿ ಸಿಗುತ್ತೆ. ಒಂದಕ್ಕಿಂತ ಹೆಚ್ಚು ಬಗೆ ಇವೆ, ಯಾವುದು, ಎಷ್ಟು ಡೋಸ್ ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಫ್ಲೂದನ್ನೂ ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಿಕೊಳ್ಳಬಹುದು. ಮೈ ಲಸಿಕೆಗೆ ಸಿದ್ಧವಾಗೋಕೆ ಎರಡು ವಾರ ಬೇಕು, ಹಾಗಾಗಿ ಈ ವಾರವೇ ಹೋಗಿ ಬನ್ನಿ.